ತಿರುಗಿಸಿ ನೋಡುವ ರಾಮನ್ ಕಾರ್ಡು: ಮ್ಯೂಸಿಯಂ ಅಂಗಡಿಗೆ ಜೀವಂತ ನೆನಪಿನ ಕಾಣಿಕೆ ತಯಾರಿಸುವ ಸಮಗ್ರ ಮಾರ್ಗದರ್ಶಿ

ವಿಜ್ಞಾನ ಮ್ಯೂಸಿಯಂನ ಅಂಗಡಿಗೋ ಶಾಲೆಯ ವಿಜ್ಞಾನ ಮೇಳಕ್ಕೋ ‘ಮಾತನಾಡುವ’ ನೆನಪಿನ ಕಾಣಿಕೆ ಮಾಡಲು ಹೊರಟವರ ಕೆಲಸ ಹೆಚ್ಚಾಗಿ ಒಂದೇ ಜಾಗದಲ್ಲಿ ಕೆಡುತ್ತದೆ. ವಿಜ್ಞಾನಿಯ ಭಾವಚಿತ್ರ ಅಚ್ಚಾಗುತ್ತದೆ, ಪಕ್ಕದಲ್ಲಿ ಕ್ಯೂಆರ್ ಕೋಡ್ ಕೂರುತ್ತದೆ, ಧ್ವನಿಮುದ್ರಣವೂ ಸಿದ್ಧವಾಗುತ್ತದೆ. ಆದರೆ ಕೊಂಡವರು ಒಮ್ಮೆ ಕೇಳಿ ಕಾರ್ಡನ್ನು ಚೀಲಕ್ಕೆ ಸೇರಿಸಿದರೆ ಮತ್ತೆ ಹೊರಗೆ ತೆಗೆಯುವುದಿಲ್ಲ. ಕಾರಣ ಮುದ್ರಣದಲ್ಲೂ ಇಲ್ಲ, ಧ್ವನಿಯಲ್ಲೂ ಇಲ್ಲ. ಆ ಕಾರ್ಡಿನಲ್ಲಿ ಕೊಂಡವರ ಕೈಗೆ ಮತ್ತು ಕಣ್ಣಿಗೆ ಮಾಡಲು ಏನೂ ಇರುವುದಿಲ್ಲ. ವಿಜ್ಞಾನಿಯೊಬ್ಬರು ನಮಗೆ ಹತ್ತಿರವಾಗುವುದು ಅವರು ನೋಡಿದ್ದನ್ನು ನಾವೂ ನೋಡಿದಾಗಲೇ ಹೊರತು ಅವರ ಚಿತ್ರ ತುಟಿ ಅಲ್ಲಾಡಿಸಿದಾಗ ಅಲ್ಲ.

ಈ ಮಾರ್ಗದರ್ಶಿ ಸಿ. ವಿ. ರಾಮನ್ ಅವರ ಒಂದೇ ಒಂದು ವೀಕ್ಷಣೆಯನ್ನು ಅಂಚೆ ಕಾರ್ಡಿನಷ್ಟು ಜಾಗಕ್ಕೆ ಇಳಿಸುವ ಕೆಲಸವನ್ನು ಕ್ರಮವಾಗಿ ವಿವರಿಸುತ್ತದೆ. ಕಾರ್ಡಿನ ಮೇಲ್ಭಾಗದಲ್ಲಿ ಒಂದು ಕಿಂಡಿ, ಕಿಂಡಿಯಲ್ಲಿ ತಿರುಗುವ ಪೋಲರಾಯ್ಡ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ದಾಟಿಸುವ ಪ್ಲಾಸ್ಟಿಕ್ ಹಾಳೆ), ಹಿಂಬದಿಯಲ್ಲಿ ಒಂದು ನಿಮಿಷದ ಕನ್ನಡ ನಿರೂಪಣೆಗೆ ಕೊಂಡೊಯ್ಯುವ ಕೋಡ್: ಇಷ್ಟೇ ಇದರ ರಚನೆ. ಹಂತಗಳನ್ನು ಇಲ್ಲಿರುವ ಕ್ರಮದಲ್ಲೇ ಮಾಡಬೇಕು. ಕಾರ್ಡನ್ನು ಮೊದಲು ಅಚ್ಚು ಹಾಕಿಸಿ ಆಮೇಲೆ ಹಾಳೆಯನ್ನು ಪರೀಕ್ಷಿಸುವವರು ಅಚ್ಚಾದ ಕಾರ್ಡುಗಳನ್ನೆಲ್ಲ ಕಳೆದುಕೊಳ್ಳುವ ಸಂಭವವಿದೆ.

## ಹಂತ 1: ವ್ಯಕ್ತಿಯನ್ನಲ್ಲ, ಒಂದು ಕ್ರಿಯೆಯನ್ನು ಆರಿಸಿ

1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುವಾಗ ರಾಮನ್ ಸಮುದ್ರದ ನೀಲಿಯನ್ನು ನಿಕೋಲ್ ಪಟ್ಟಕದ (ಪೋಲರಾಯ್ಡ್ ಹಾಳೆಯ ಕೆಲಸವನ್ನೇ ಮಾಡುವ ಹರಳಿನ) ಮೂಲಕ ನೋಡಿದರು. ಸಮುದ್ರದ ನೀಲಿ ಎಂದರೆ ಆಕಾಶದ ನೀಲಿಯ ಪ್ರತಿಫಲನವಷ್ಟೇ ಎಂಬ ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲಿಯವರ ಅಭಿಪ್ರಾಯ ಆಗ ಪ್ರಚಲಿತವಾಗಿತ್ತು. ಒಂದು ನಿರ್ದಿಷ್ಟ ಕೋನದಲ್ಲಿ ನೀರಿನಿಂದ ಪ್ರತಿಫಲಿಸುವ ಬೆಳಕು ಧ್ರುವೀಕರಣಗೊಂಡಿರುವುದರಿಂದ, ಎಂದರೆ ಅದರ ಕಂಪನ ಒಂದೇ ದಿಕ್ಕಿನಲ್ಲಿರುವುದರಿಂದ, ಪಟ್ಟಕವನ್ನು ತಿರುಗಿಸಿ ಅದನ್ನು ತಡೆಯಬಹುದು. ರಾಮನ್ ಹಾಗೆ ತಡೆದರು; ಆಕಾಶದ ಹೊಳಪು ಅಡಗಿತು, ಸಮುದ್ರದ ನೀಲಿ ಅಡಗಲಿಲ್ಲ. ನೀಲಿ ನೀರಿನೊಳಗಿಂದಲೇ ಬರುತ್ತಿದೆ ಎಂದು ಅವರು ಅದೇ ವರ್ಷ ‘ನೇಚರ್’ ಪತ್ರಿಕೆಗೆ ಬರೆದರು.

ಕಾರ್ಡಿಗೆ ಬೇಕಾಗಿರುವುದು ಈ ಒಂದು ಕ್ರಿಯೆ ಮಾತ್ರ. ಒಂದು ನಿಮಿಷದೊಳಗೆ, ಒಂದು ಕೈಯಲ್ಲಿ, ಯಾರ ಸಹಾಯವೂ ಇಲ್ಲದೆ ಮಾಡಬಹುದಾದದ್ದು ಎಂಬುದು ಆಯ್ಕೆಯ ಅಳತೆಗೋಲು. ಈ ಅಳತೆಯಲ್ಲಿ ರಾಮನ್ ಪರಿಣಾಮ ತೇರ್ಗಡೆಯಾಗುವುದಿಲ್ಲ. ಬಣ್ಣ ಬದಲಿಸಿಕೊಂಡು ಚದುರುವ ಬೆಳಕು ಬಹಳ ಕ್ಷೀಣವಾದದ್ದು. ಅದನ್ನು ಕಾಗದದ ಕಾರ್ಡಿನಲ್ಲಿ ತೋರಿಸಲು ಸಾಧ್ಯವಿಲ್ಲ.

ಇಲ್ಲಿ ಪದೇ ಪದೇ ಆಗುವ ತಪ್ಪೊಂದಿದೆ. 1921ರ ಸಮುದ್ರವನ್ನೂ 1928ರ ಫೆಬ್ರವರಿ 28ರ ರಾಮನ್ ಪರಿಣಾಮದ ಶೋಧವನ್ನೂ ಒಂದೇ ವಾಕ್ಯದಲ್ಲಿ ಕಲಸಿ, ‘ಈ ಹಾಳೆಯ ಮೂಲಕ ನೋಡಿಯೇ ರಾಮನ್ ನೊಬೆಲ್ ಪಡೆದರು’ ಎಂಬಂತೆ ಬರೆಯಲಾಗುತ್ತದೆ. ಅದು ಸುಳ್ಳು. ಹಡಗಿನ ವೀಕ್ಷಣೆ ಅವರನ್ನು ಬೆಳಕಿನ ಚದುರುವಿಕೆಯ ಅಧ್ಯಯನಕ್ಕೆ ಎಳೆಯಿತು; ಕಲ್ಕತ್ತೆಯಲ್ಲಿ ಕೆ. ಎಸ್. ಕೃಷ್ಣನ್ ಮೊದಲಾದ ಸಹೋದ್ಯೋಗಿಗಳೊಡನೆ ಹಲವು ವರ್ಷ ನಡೆದ ಆ ಅಧ್ಯಯನ 1928ರ ಶೋಧಕ್ಕೆ ತಲುಪಿತು. 1930ರಲ್ಲಿ ನೊಬೆಲ್ ಬಂತು. ಕಾರ್ಡಿನಲ್ಲಿ ಜಾಗ ಕಡಿಮೆ ಎಂದು ಈ ಕ್ರಮವನ್ನು ಮುರಿಯಬಾರದು.

ಇನ್ನೊಂದು ಎಚ್ಚರಿಕೆಯನ್ನೂ ಈಗಲೇ ಹೇಳಬೇಕು. ನೀರಿನ ನೀಲಿಗೆ ಅಣುಗಳಿಂದಾಗುವ ಚದುರುವಿಕೆಯಷ್ಟೇ ಕಾರಣವಲ್ಲ, ನೀರು ಕೆಂಪು ಬೆಳಕನ್ನು ಸ್ವಲ್ಪ ಸ್ವಲ್ಪವಾಗಿ ಹೀರಿಕೊಳ್ಳುವುದೂ ದೊಡ್ಡ ಕಾರಣ ಎಂದು ಇಂದು ತಿಳಿದಿದೆ. ಆದ್ದರಿಂದ ‘ನೀಲಿ ನೀರಿನೊಳಗಿಂದ ಬರುತ್ತದೆ’ ಎಂಬಲ್ಲಿಗೆ ಕಾರ್ಡಿನ ಮಾತನ್ನು ನಿಲ್ಲಿಸಿದರೆ ಅದು ಅಂದಿಗೂ ಇಂದಿಗೂ ನಿಜವಾಗಿ ಉಳಿಯುತ್ತದೆ.

## ಹಂತ 2: ಸಾಮಗ್ರಿ ಮತ್ತು ಉಪಕರಣಗಳನ್ನು ಒಟ್ಟುಮಾಡಿ

ಮುಖ್ಯ ಸಾಮಗ್ರಿ ರೇಖೀಯ ಪೋಲರಾಯ್ಡ್ ಹಾಳೆ. ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಸಾಮಾನು ಒದಗಿಸುವ ಅಂಗಡಿಗಳಲ್ಲಿ, ಆನ್‌ಲೈನ್ ಮಾರಾಟದಲ್ಲಿ ಇದು ಸಿಗುತ್ತದೆ. ಕೊಳ್ಳುವಾಗ ‘ರೇಖೀಯ’, ಎಂದರೆ ಲೀನಿಯರ್, ಎಂದು ಸ್ಪಷ್ಟವಾಗಿ ಕೇಳಿ ಪಡೆಯಬೇಕು. ಎ4 ಅಳತೆಯ ಒಂದು ಹಾಳೆಯಿಂದ 40 ಮಿಲಿಮೀಟರ್ ಚೌಕದ 35 ತುಂಡುಗಳು ಬರುತ್ತವೆ. ಕೆಟ್ಟ ಕ್ಯಾಲ್ಕುಲೇಟರ್ ಅಥವಾ ಲ್ಯಾಪ್‌ಟಾಪ್ ಪರದೆಯಿಂದ ಬಿಡಿಸಿದ ಹಾಳೆಯೂ ಕೆಲಸಕ್ಕೆ ಬರುತ್ತದೆ, ಆದರೆ ಅದರ ಅಂಟು ತೆಗೆಯುವುದು ಕಷ್ಟ ಮತ್ತು ಅದರ ಅಕ್ಷ (ಹಾಳೆ ದಾಟಿಸುವ ಕಂಪನದ ದಿಕ್ಕು) ಅಂಚಿಗೆ ಓರೆಯಾಗಿರುವುದು ಸಾಮಾನ್ಯ. ಮಾದರಿಗೆ ಅದನ್ನು ಬಳಸಬಹುದು, ಮಾರಾಟದ ಕಾರ್ಡಿಗೆ ಬೇಡ.

ಉಳಿದಂತೆ 300 ಜಿಎಸ್‌ಎಂ ದಪ್ಪದ ಆರ್ಟ್ ಕಾರ್ಡ್, ಹರಿತವಾದ ಪೇಪರ್ ಕಟರ್, ಸ್ಟೀಲ್ ಸ್ಕೇಲ್, ಕೆಳಗೆ ಹಾಸಲು ಕಟಿಂಗ್ ಮ್ಯಾಟ್, ವೃತ್ತ ಕತ್ತರಿಸುವ ಕೈವಾರದ ಕಟರ್, ಡಬಲ್ ಸೈಡ್ ಟೇಪ್, ಪರ್ಮನೆಂಟ್ ಮಾರ್ಕರ್ ಮತ್ತು ಕನ್ನಡಕ ಒರೆಸುವ ಮೃದು ಬಟ್ಟೆ ಬೇಕು. ದ್ರವರೂಪದ ಅಂಟನ್ನು ಮೇಜಿನ ಹತ್ತಿರವೂ ತರಬೇಡಿ. ದ್ರಾವಕವಿರುವ ಅಂಟು ಹಾಳೆಯ ಪ್ಲಾಸ್ಟಿಕ್ಕನ್ನು ಮಂಕಾಗಿಸುತ್ತದೆ. ನೀರಿನ ಅಂಟು ಕಾರ್ಡನ್ನು ಸೊಟ್ಟಗಾಗಿಸಿ ಚಕ್ರ ಸಿಕ್ಕಿಹಾಕಿಕೊಳ್ಳುವಂತೆ ಮಾಡುತ್ತದೆ.

## ಹಂತ 3: ಹಾಳೆಯನ್ನು ಪರೀಕ್ಷಿಸಿ, ಅಕ್ಷವನ್ನು ಗುರುತಿಸಿ

ಇಡೀ ಕೆಲಸದಲ್ಲಿ ಹೆಚ್ಚು ಜನ ಬಿಟ್ಟುಬಿಡುವ ಹಂತ ಇದು. ಅವಸರದಲ್ಲಿ ಇಲ್ಲಿ ಉಳಿಸಿದ ಅರ್ಧ ಗಂಟೆಗೆ ಕೊನೆಯಲ್ಲಿ ಇಡೀ ಕಂತಿನ ಬೆಲೆ ತೆರಬೇಕಾಗುತ್ತದೆ.

ಮೊದಲ ಪರೀಕ್ಷೆ: ಹಾಳೆಯ ಒಂದು ಮೂಲೆಯಲ್ಲಿ ಎರಡೂ ಬದಿಯ ರಕ್ಷಣಾ ಪೊರೆಯನ್ನು ಸುಲಿಯಿರಿ. ಪೊರೆ ಇದ್ದಂತೆಯೇ ನೋಡಿದರೆ ಅದೇ ಬೆಳಕಿನ ಧ್ರುವೀಕರಣವನ್ನು ಬದಲಿಸಿ ಬಣ್ಣಬಣ್ಣದ ಪಟ್ಟೆಗಳನ್ನು ತೋರಿಸಬಹುದು, ಅದರಿಂದ ಒಳ್ಳೆಯ ಹಾಳೆಯನ್ನೂ ಕೆಟ್ಟದ್ದೆಂದು ತಿಳಿಯುವ ಅಪಾಯವಿದೆ. ಸುಲಿದ ಮೂಲೆಯ ಮೂಲಕ ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯನ್ನು ನೋಡುತ್ತ ಹಾಳೆಯನ್ನು ನಿಧಾನವಾಗಿ ತಿರುಗಿಸಿ. ಒಂದು ಸುತ್ತಿನಲ್ಲಿ ಎರಡು ಸಲ ಪರದೆ ಬಹುತೇಕ ಕಪ್ಪಾಗಬೇಕು.

ಎರಡನೆಯ ಪರೀಕ್ಷೆ: ಹಾಳೆಯನ್ನು ಮಗುಚಿ ಇನ್ನೊಂದು ಬದಿಯಿಂದ ಅದೇ ರೀತಿ ನೋಡಿ. ಎರಡೂ ಬದಿಯಿಂದ ಕಪ್ಪಾದರೆ ಅದು ರೇಖೀಯ ಹಾಳೆ. ಒಂದು ಬದಿಯಿಂದ ಕಪ್ಪಾಗಿ ಇನ್ನೊಂದು ಬದಿಯಿಂದ ಕಪ್ಪಾಗದೇ ಇದ್ದರೆ ಅದು ವೃತ್ತೀಯ ಹಾಳೆ. ಚಿತ್ರಮಂದಿರದ ಹಲವು ತ್ರೀಡಿ ಕನ್ನಡಕಗಳಲ್ಲಿ ಇರುವುದು ಇದೇ. ಅಂಥ ಕನ್ನಡಕಗಳನ್ನು ಕತ್ತರಿಸಿ ಕಾರ್ಡು ಮಾಡಿದವರು ‘ನೀರಿನ ಹೊಳಪು ಕಡಿಮೆಯಾಗುತ್ತಲೇ ಇಲ್ಲ’ ಎಂದು ಪೇಚಾಡುವುದು ಇದರಿಂದಲೇ. ಬೇರೆ ಹಾಳೆ ಸಿಗದಿದ್ದರೆ ಪರದೆ ಕಪ್ಪಾಗಿಸಿದ ಬದಿಯನ್ನು ಗುರುತು ಮಾಡಿ, ಆ ಪರೀಕ್ಷೆಯಲ್ಲಿ ಪರದೆಯ ಕಡೆಗಿದ್ದ ಮುಖವೇ ನೀರಿನ ಕಡೆಗೂ ಇರುವಂತೆ ಜೋಡಿಸಿದರೆ ಅದೂ ಕೆಲಸ ಮಾಡುತ್ತದೆ.

ಈಗ ಅಕ್ಷ. ಹೊಳಪಿನ ಟೈಲ್ಸ್ ಹಾಕಿದ ನೆಲದ ಮೇಲೆ ಕಿಟಕಿಯ ಬೆಳಕು ಬಿದ್ದು ಮಿನುಗುವ ಜಾಗವನ್ನು ಓರೆಯಾಗಿ ನೋಡುತ್ತ ಹಾಳೆಯನ್ನು ತಿರುಗಿಸಿ. ಸಮತಲವಾದ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕಿನ ಕಂಪನ ಬಹುಪಾಲು ಅಡ್ಡ ದಿಕ್ಕಿನಲ್ಲಿರುತ್ತದೆ. ಆದ್ದರಿಂದ ಮಿನುಗು ತೀರ ಕಡಿಮೆಯಾದ ಕ್ಷಣದಲ್ಲಿ ಹಾಳೆಯ ಅಕ್ಷ ನೆಟ್ಟಗೆ, ಮೇಲೆ ಕೆಳಗಾಗಿ ಇದೆ ಎಂದರ್ಥ. ಆ ದಿಕ್ಕಿಗೆ ರಕ್ಷಣಾ ಪೊರೆಯ ಮೇಲೆ ಮಾರ್ಕರ್‌ನಿಂದ ಉದ್ದಕ್ಕೂ ಸಮಾಂತರ ಬಾಣಗಳನ್ನು ಎಳೆಯಿರಿ. ಪ್ರತಿ ತುಂಡಿನ ಮೇಲೂ ಒಂದು ಬಾಣ ಉಳಿಯುವಷ್ಟು ಹತ್ತಿರ ಹತ್ತಿರ ಎಳೆಯಬೇಕು. ಕತ್ತರಿಸಿದ ಮೇಲೆ ಚೌಕದ ಯಾವ ಬದಿ ಯಾವುದು ಎಂದು ಕಣ್ಣಳತೆಯಲ್ಲಿ ತಿಳಿಯುವುದಿಲ್ಲ.

## ಹಂತ 4: ಚಕ್ರವಿಲ್ಲದ ಮಾದರಿಯೊಂದನ್ನು ಮೊದಲು ಮಾಡಿ

ರದ್ದಿ ಕಾರ್ಡಿನಲ್ಲಿ 25 ಮಿಲಿಮೀಟರ್ ವ್ಯಾಸದ ರಂಧ್ರ ಕೊರೆದು, ಹಾಳೆಯ ಒಂದು ಚೌಕವನ್ನು ಟೇಪಿನಿಂದ ಅಂಟಿಸಿ, ಹೊರಗೆ ತೆಗೆದುಕೊಂಡು ಹೋಗಿ ಇಡೀ ಕಾರ್ಡನ್ನೇ ತಿರುಗಿಸಿ ನೋಡಿ. ಯಾವ ನೀರು, ಯಾವ ಹೊತ್ತು, ಯಾವ ಕೋನ ಎಂಬುದು ಇಲ್ಲಿಯೇ ಗೊತ್ತಾಗಬೇಕು.

ನೀರಿನಿಂದ ಪ್ರತಿಫಲಿಸಿದ ಬೆಳಕು ಪೂರ್ತಿ ಧ್ರುವೀಕರಣಗೊಳ್ಳುವ ಕೋನ, ಎಂದರೆ ಬ್ರೂಸ್ಟರ್ ಕೋನ, ಲಂಬದಿಂದ ಸುಮಾರು 53 ಡಿಗ್ರಿ. ಇದನ್ನು ಕೋನಮಾಪಕವಿಲ್ಲದೆ ಅಳೆಯುವ ಸುಲಭ ದಾರಿಯಿದೆ. ನೀರಿನ ಮಟ್ಟದಿಂದ ನಿಮ್ಮ ಕಣ್ಣು 1.5 ಮೀಟರ್ ಎತ್ತರದಲ್ಲಿದ್ದರೆ ಕಾಲಿನ ಬುಡದಿಂದ ಸುಮಾರು 2 ಮೀಟರ್ ಮುಂದಿರುವ ನೀರನ್ನು ನೋಡಬೇಕು. ಕಣ್ಣಿನ ಎತ್ತರ 1.2 ಮೀಟರ್ ಇರುವ ಮಗುವಿಗೆ ಈ ದೂರ 1.6 ಮೀಟರ್. ಎತ್ತರದ ಏರಿಯ ಮೇಲೆ ನಿಂತರೆ ಅದೇ ಅನುಪಾತದಲ್ಲಿ ದೂರವೂ ಹೆಚ್ಚುತ್ತದೆ. ಕಾಲಬುಡದ ನೀರನ್ನು ನೆಟ್ಟಗೆ ಬಗ್ಗಿ ನೋಡುವುದು, ಇಲ್ಲವೇ ಆಚೆ ದಡದ ಹತ್ತಿರದ ನೀರನ್ನು ನೋಡುವುದು ಎರಡೂ ತಪ್ಪು. ಎರಡರಲ್ಲೂ ಹೊಳಪು ಅಡಗುವುದಿಲ್ಲ, ನೋಡಿದವರು ಕಾರ್ಡೇ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಬೆಂಗಳೂರಿನಲ್ಲಿ ಮಾಡುವವರು ಸ್ಯಾಂಕಿ ಕೆರೆಯ ದಂಡೆಯಲ್ಲಿ ಪರೀಕ್ಷಿಸಬಹುದು. ರಾಮನ್ 1933ರಲ್ಲಿ ನಿರ್ದೇಶಕರಾಗಿ ಬಂದ ಭಾರತೀಯ ವಿಜ್ಞಾನ ಸಂಸ್ಥೆಯೂ 1948ರಲ್ಲಿ ಅವರು ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯೂ ಅಲ್ಲಿಗೆ ಹತ್ತಿರದಲ್ಲೇ ಇವೆ. ಆದರೆ ನಮ್ಮ ಕೆರೆಗಳ ನೀರು ಪಾಚಿ ಮತ್ತು ಹೂಳಿನಿಂದ ಹಸಿರಾಗಿಯೋ ಕಂದಾಗಿಯೋ ಇರುತ್ತದೆ. ಹೊಳಪು ಅಡಗಿದಾಗ ಕಾಣುವುದು ಆ ಹಸಿರೇ. ಕಾರ್ಡಿನಲ್ಲಿ ‘ನೀಲಿ ಕಾಣುತ್ತದೆ’ ಎಂದು ಬರೆದರೆ ಕೆರೆಯ ಬಳಿ ಅದು ಸುಳ್ಳಾಗುತ್ತದೆ. ‘ನೀರಿನ ಸ್ವಂತ ಬಣ್ಣ ಕಾಣುತ್ತದೆ’ ಎಂದು ಬರೆದರೆ ಕಾರವಾರದ ಕಡಲಿನಲ್ಲೂ ಊರ ಕೆರೆಯಲ್ಲೂ ನಿಜವಾಗಿರುತ್ತದೆ.

## ಹಂತ 5: ಚಕ್ರವಿರುವ ಕಾರ್ಡನ್ನು ಕತ್ತರಿಸಿ

ಮಾದರಿ ಸರಿಯಾಗಿ ಕಂಡ ಮೇಲೆ ಮಾತ್ರ ಈ ಹಂತಕ್ಕೆ ಬನ್ನಿ. ಇಲ್ಲಿ ಕತ್ತರಿಸುವುದು ಅಚ್ಚಿಲ್ಲದ ಒಂದು ಕಾರ್ಡನ್ನು; ಮಾರಾಟದ ಕಾರ್ಡುಗಳನ್ನು 8ನೆಯ ಹಂತದಲ್ಲಿ ಅಚ್ಚಾದ ಮೇಲೆ ಇದೇ ಅಳತೆಯಲ್ಲಿ ಕತ್ತರಿಸಬೇಕು. ಇಡೀ ಕಾರ್ಡನ್ನು ತಿರುಗಿಸುವುದಕ್ಕಿಂತ ಹೆಬ್ಬೆರಳಿನಿಂದ ಚಕ್ರ ತಿರುಗಿಸುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಪಟ್ಟಕವನ್ನು ಕಣ್ಣೆದುರು ತಿರುಗಿಸಿದ ರಾಮನ್ ಅವರ ಕೈಚಲನೆ ಇದರಲ್ಲಿ ಹಾಗೆಯೇ ಉಳಿಯುತ್ತದೆ, ಮತ್ತು ಕಾರ್ಡಿನ ಚಿತ್ರ ಸದಾ ನೆಟ್ಟಗಿರುತ್ತದೆ.

1. 20 × 15 ಸೆಂಟಿಮೀಟರ್ ಅಳತೆಯ ಹಾಳೆಯನ್ನು ನಡುವೆ ಮಡಚಿ 10 × 15 ಸೆಂಟಿಮೀಟರಿನ ಎರಡು ಪದರ ಮಾಡಿ. ಮಡಿಕೆ ಎಡಗಡೆಯ ಉದ್ದ ಬದಿಯಲ್ಲಿರಲಿ.

2. ಮೇಲಂಚಿನಿಂದ 27 ಮಿಲಿಮೀಟರ್ ಕೆಳಗೆ, ಅಗಲದ ನಟ್ಟನಡುವೆ ಕೇಂದ್ರವನ್ನು ಗುರುತಿಸಿ. ಎರಡೂ ಪದರಗಳಲ್ಲಿ ಅದೇ ಕೇಂದ್ರದ ಸುತ್ತ 25 ಮಿಲಿಮೀಟರ್ ವ್ಯಾಸದ ಕಿಂಡಿ ಕತ್ತರಿಸಿ.

3. ಒಳಗೆ ಕೂರುವ ನಡುಪದರಗಳನ್ನು ಎರಡು ಕತ್ತರಿಸಿ. ಪ್ರತಿಯೊಂದರಲ್ಲೂ ಅದೇ ಕೇಂದ್ರದ ಸುತ್ತ 62 ಮಿಲಿಮೀಟರ್ ವ್ಯಾಸದ ವೃತ್ತವನ್ನು ತೆಗೆಯಿರಿ. ಕೇಂದ್ರ ಅಂಚಿಗೆ ಹತ್ತಿರವಿರುವುದರಿಂದ ವೃತ್ತ ಮೇಲಂಚಿನಲ್ಲಿ ಸುಮಾರು 30 ಮಿಲಿಮೀಟರ್ ಅಗಲ ತೆರೆದುಕೊಳ್ಳುತ್ತದೆ. ಚಕ್ರ ಅದಕ್ಕಿಂತ ದೊಡ್ಡದಾದ್ದರಿಂದ ಹೊರಗೆ ಜಾರುವುದಿಲ್ಲ.

4. 60 ಮಿಲಿಮೀಟರ್ ವ್ಯಾಸದ ಚಕ್ರ ಕತ್ತರಿಸಿ ಅದರ ನಡುವೆ 30 ಮಿಲಿಮೀಟರ್ ರಂಧ್ರ ಮಾಡಿ. ಚಕ್ರದ ಅಂಚಿನಲ್ಲಿ ಎದುರುಬದುರಾಗಿ ಎರಡು ಕೆಂಪು ಚುಕ್ಕೆ ಇಡಿ.

ಚಕ್ರ ಮೇಲಂಚಿನಿಂದ 3 ಮಿಲಿಮೀಟರ್ ಹೊರಗೆ ಚಾಚಿಕೊಂಡಿರುತ್ತದೆ, ಹೆಬ್ಬೆರಳಿಗೆ ಅಷ್ಟು ಸಾಕು. ನಡುಪದರ ಎರಡು ಏಕೆಂದರೆ ಚಕ್ರದ ಮೇಲೆ ಹಾಳೆಯ ಮತ್ತು ಟೇಪಿನ ದಪ್ಪವೂ ಸೇರುತ್ತದೆ. ಒಂದೇ ನಡುಪದರ ಹಾಕಿದರೆ ಚಕ್ರ ಬಿಗಿಯಾಗಿ, ಬಲವಂತವಾಗಿ ತಿರುಗಿಸಿದಾಗ ಅಂಚು ಹರಿಯುತ್ತದೆ.

## ಹಂತ 6: ನಿರೂಪಣೆಯನ್ನು ಬರೆಯಿರಿ

ಕಾರ್ಡು ಕೈಯಲ್ಲಿರುವಾಗ ಕಣ್ಣು ನೀರಿನ ಮೇಲಿರಬೇಕು. ವಿಡಿಯೊ ಮಾಡಿದರೆ ಕಣ್ಣು ಫೋನಿಗೆ ಹೋಗುತ್ತದೆ. ಭಾವಚಿತ್ರಕ್ಕೆ ಚಲನೆ ಕೊಡುವ ತಂತ್ರಜ್ಞಾನ ಬಳಸಿದರೂ ಅದೇ ಆಗುತ್ತದೆ. ಆದ್ದರಿಂದ ಬರೀ ಧ್ವನಿ ಸಾಕು, ಅದೂ ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯಬೇಕು. ಬರೆದದ್ದನ್ನು ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ ಅಳೆಯಿರಿ.

ಇಲ್ಲಿ ದೊಡ್ಡ ಅಪಾಯ ವಿಜ್ಞಾನಿಯ ಬಾಯಲ್ಲಿ ನಮ್ಮ ಮಾತು ತುರುಕುವುದು. ‘ಮಕ್ಕಳೇ, ನಾನು ಸಿ. ವಿ. ರಾಮನ್’ ಎಂದು ಆರಂಭವಾಗುವ ನಿರೂಪಣೆಯಲ್ಲಿ ಬರುವ ಪ್ರತಿ ವಾಕ್ಯವೂ ಕೇಳುವ ಮಗುವಿನ ಮನಸ್ಸಿನಲ್ಲಿ ರಾಮನ್ ಅವರದೇ ಮಾತಾಗಿ ನಿಲ್ಲುತ್ತದೆ, ಮುಂದೆ ಅದೇ ಉಲ್ಲೇಖವಾಗಿ ಭಾಷಣಗಳಲ್ಲಿ ತಿರುಗುತ್ತದೆ. ಅವರ ಧ್ವನಿಯನ್ನು ಯಂತ್ರದಿಂದ ಅನುಕರಿಸುವುದಂತೂ ಬೇಡವೇ ಬೇಡ. ಬೇರೆಯವರೊಬ್ಬರು ಅವರ ಬಗ್ಗೆ ಹೇಳುವ ರೀತಿಯಲ್ಲೇ ಬರೆಯಿರಿ. ಅವರದೇ ವಾಕ್ಯ ಬೇಕೆನಿಸಿದರೆ 1921ರ ‘ನೇಚರ್’ ಪತ್ರವನ್ನೋ 1930ರ ನೊಬೆಲ್ ಉಪನ್ಯಾಸವನ್ನೋ ನೋಡಿ ಆರಿಸಬೇಕು.

ಹಾಗೆ ಆರಿಸುವಾಗ ಹಕ್ಕಿನ ಪ್ರಶ್ನೆ ಬರುತ್ತದೆ. ಭಾರತದ ಕಾನೂನಿನಂತೆ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಅವರ ಬರಹಗಳ ಹಕ್ಕುಸ್ವಾಮ್ಯ ಉಳಿಯುತ್ತದೆ. ರಾಮನ್ ತೀರಿಕೊಂಡದ್ದು 1970ರ ನವೆಂಬರ್ 21ರಂದು; ಆದ್ದರಿಂದ 2030ರ ಕೊನೆಯವರೆಗೆ ಮಾರಾಟದ ವಸ್ತುವಿನ ಮೇಲೆ ಅವರ ಬರಹದ ದೀರ್ಘ ಭಾಗಗಳನ್ನು ಅನುಮತಿಯಿಲ್ಲದೆ ಅಚ್ಚು ಹಾಕಬಾರದು. ಭಾವಚಿತ್ರಕ್ಕೂ ಅದನ್ನು ಇಟ್ಟುಕೊಂಡಿರುವ ಸಂಸ್ಥೆಯಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಪೇಟ ಧರಿಸಿದ ಮುಖ ಎಲ್ಲ ಪಠ್ಯಪುಸ್ತಕದಲ್ಲೂ ಇದೆ. ಹಡಗಿನ ಕಟಕಟೆಗೆ ಒರಗಿದ ಒಂದು ತೋಳು, ಬೆರಳ ನಡುವೆ ಪಟ್ಟಕ, ಆಚೆ ಸಮುದ್ರ ಇಷ್ಟನ್ನು ಹೊಸದಾಗಿ ಬರೆಸಿದರೆ ಕಾರ್ಡಿನ ಕೆಲಸಕ್ಕೆ ಹೆಚ್ಚು ಹೊಂದುತ್ತದೆ.

ನಿರೂಪಣೆಯ ಕ್ರಮ ಹೀಗಿರಲಿ: ಮೊದಲು ಸೂಚನೆ, ಅನಂತರ ಮೌನ, ಅನಂತರ ಕಥೆ. ಕಥೆಯನ್ನು ಮೊದಲು ಹೇಳಿದರೆ ಏನು ಕಾಣಬೇಕೆಂಬುದು ಮುಂಚೆಯೇ ತಿಳಿದು, ನೋಡುವ ಕುತೂಹಲ ಇಳಿಯುತ್ತದೆ. ಒಂದು ಮಾದರಿ:

“ದಡದಿಂದ ಒಂದು ಹೆಜ್ಜೆ ಹಿಂದೆ ನಿಂತು ನೀರಿನ ಕಡೆ ತಿರುಗಿ. ಕಾರ್ಡನ್ನು ನೆಟ್ಟಗೆ ಹಿಡಿದು, ನಿಮ್ಮಿಂದ ಸುಮಾರು ಎರಡು ಮೀಟರ್ ಮುಂದಿರುವ ನೀರನ್ನು ಕಿಂಡಿಯ ಮೂಲಕ ನೋಡಿ. ಈಗ ಚಕ್ರವನ್ನು ನಿಧಾನವಾಗಿ ತಿರುಗಿಸಿ.”

ಇಲ್ಲಿ 10 ಸೆಕೆಂಡು ಪೂರ್ಣ ಮೌನ. ಹಿನ್ನೆಲೆ ಸಂಗೀತವೂ ಬೇಡ.

“ನೀರಿನ ಮೇಲಿದ್ದ ಆಕಾಶದ ಹೊಳಪು ಅಡಗಿತೆ? ಈಗ ಕಾಣುತ್ತಿರುವುದು ನೀರಿನೊಳಗಿಂದ ಬರುತ್ತಿರುವ ಬೆಳಕು. 1921ರಲ್ಲಿ ಹಡಗಿನ ಮೇಲೆ ನಿಂತಿದ್ದ ಸಿ. ವಿ. ರಾಮನ್ ಒಂದು ಪುಟ್ಟ ಪಟ್ಟಕವನ್ನು ಹೀಗೆಯೇ ತಿರುಗಿಸಿ ಸಮುದ್ರವನ್ನು ನೋಡಿದರು. ಆಕಾಶದ ಪ್ರತಿಬಿಂಬ ಹೋಯಿತು, ಸಮುದ್ರದ ನೀಲಿ ಹೋಗಲಿಲ್ಲ. ಬೆಳಕು ನೀರಿನೊಳಗೆ ಹೇಗೆ ಚದುರುತ್ತದೆ ಎಂದು ಕೇಳುತ್ತ ಕೇಳುತ್ತ ಅವರು 1928ರ ಫೆಬ್ರವರಿ 28ರ ರಾಮನ್ ಪರಿಣಾಮದ ಶೋಧಕ್ಕೆ ತಲುಪಿದರು. ಚಕ್ರವನ್ನು ಇನ್ನೊಮ್ಮೆ ತಿರುಗಿಸಿ. ಹೊಳಪು ಮರಳಿ ಬಂದಾಗ ಏನೇನು ಮರೆಯಾಯಿತು ನೋಡಿ.”

## ಹಂತ 7: ಧ್ವನಿ ಮತ್ತು ಕೋಡ್

ಧ್ವನಿಯನ್ನು ಒಂದೇ ಚಾನೆಲ್‌ನ ಎಂಪಿ3 ಕಡತವಾಗಿ, 64 ಕೆಬಿಪಿಎಸ್ ದರದಲ್ಲಿ ಉಳಿಸಿ. 70 ಸೆಕೆಂಡಿನ ಕಡತ ಆಗ ಸುಮಾರು 560 ಕಿಲೋಬೈಟ್ ಆಗುತ್ತದೆ, ದುರ್ಬಲ ನೆಟ್‌ವರ್ಕಿನಲ್ಲೂ ತೆರೆಯುತ್ತದೆ. ಪುಟ ತೆರೆದೊಡನೆ ಧ್ವನಿ ತಾನಾಗಿ ಬರಲಿ ಎಂದು ಏರ್ಪಡಿಸಬೇಡಿ. ಫೋನುಗಳ ಬ್ರೌಸರ್‌ಗಳು ಸಾಮಾನ್ಯವಾಗಿ ಅದನ್ನು ತಡೆಯುತ್ತವೆ. ಪುಟದಲ್ಲಿ ಒಂದೇ ದೊಡ್ಡ ಗುಂಡಿ ಇರಲಿ, ಅದರ ಕೆಳಗೆ ನಿರೂಪಣೆಯ ಪಠ್ಯ ಇರಲಿ.

ಕ್ಯೂಆರ್ ಕೋಡಿನ ವಿಷಯದಲ್ಲಿ ಮೊದಲು ನೋಡಬೇಕಾದದ್ದು ವಿಳಾಸ ಯಾರದು ಎಂಬುದು. ಉಚಿತವಾಗಿ ಕೋಡ್ ಮಾಡಿಕೊಡುವ ಕೆಲವು ಸೇವೆಗಳು ತಮ್ಮದೇ ವಿಳಾಸವನ್ನು ಕೋಡಿನೊಳಗೆ ಇಟ್ಟು ಅಲ್ಲಿಂದ ನಿಮ್ಮ ಪುಟಕ್ಕೆ ದಾಟಿಸುತ್ತವೆ. ಅವಧಿ ಮುಗಿದ ದಿನ ಅಚ್ಚಾದ ಕಾರ್ಡುಗಳೆಲ್ಲ ಒಟ್ಟಿಗೆ ಮೂಕವಾಗುತ್ತವೆ. ಮ್ಯೂಸಿಯಂನ ಅಥವಾ ಶಾಲೆಯ ಸ್ವಂತ ವಿಳಾಸವನ್ನೇ ನೇರವಾಗಿ ಕೋಡ್ ಮಾಡಿ. ವಿಳಾಸ 26 ಅಕ್ಷರಗಳನ್ನು ಮೀರದಿದ್ದರೆ ಮಧ್ಯಮ ದೋಷ ತಿದ್ದುಪಡಿಯ (ಕೋಡಿನ ಸ್ವಲ್ಪ ಭಾಗ ಕೆಟ್ಟರೂ ಓದಲು ಬರುವ ಏರ್ಪಾಡಿನ) ಮಟ್ಟದಲ್ಲಿ 25 × 25 ಚೌಕಗಳ ಕೋಡ್ ಸಾಕಾಗುತ್ತದೆ; ವಿಳಾಸ ಉದ್ದವಾದಷ್ಟೂ ಚೌಕಗಳು ಸಣ್ಣದಾಗಿ ಅಗ್ಗದ ಫೋನಿನ ಕ್ಯಾಮೆರಾಗಳು ಓದಲು ತಡವರಿಸುತ್ತವೆ. ಅಚ್ಚಿನಲ್ಲಿ ಕೋಡ್ 2 ಸೆಂಟಿಮೀಟರಿಗಿಂತ ಚಿಕ್ಕದಿರಬಾರದು, ಸುತ್ತ ನಾಲ್ಕು ಚೌಕದಷ್ಟು ಖಾಲಿ ಬಿಳಿ ಜಾಗ ಇರಲೇಬೇಕು, ಬಣ್ಣ ಬಿಳಿಯ ಮೇಲೆ ಕಪ್ಪೇ ಆಗಿರಲಿ. ಕೋಡನ್ನು ಹಿಂಬದಿಯ ಕೆಳಭಾಗದಲ್ಲಿ, ಮಡಿಕೆಯಿಂದ ದೂರ ಇಡಿ.

ಸ್ಪರ್ಶಿಸಿದರೆ ಪುಟ ತೆರೆಯುವ ಎನ್‌ಎಫ್‌ಸಿ ಚೀಟಿಯನ್ನು ಸೇರಿಸಬಹುದೇ ಎಂದು ಹಲವರು ಕೇಳುತ್ತಾರೆ. ಸೇರಿಸಬಹುದು, ಆದರೆ ಕಡಿಮೆ ಬೆಲೆಯ ಬಹಳಷ್ಟು ಫೋನುಗಳಲ್ಲಿ ಆ ಸೌಲಭ್ಯವೇ ಇಲ್ಲ. ಕೋಡಿಗೆ ಅದು ಬದಲಿಯಾಗದು.

## ಹಂತ 8: ಕನ್ನಡ ಅಕ್ಷರಗಳನ್ನು ಕಾಪಾಡಿಕೊಂಡು ಅಚ್ಚಿಗೆ ಕಳುಹಿಸಿ

ಪಠ್ಯವನ್ನು ಯುನಿಕೋಡ್‌ನಲ್ಲೇ ಬೆರಳಚ್ಚು ಮಾಡಿ. ಹಳೆಯ ಎನ್‌ಕೋಡಿಂಗ್‌ನ ಕಡತವನ್ನು ಪರಿವರ್ತಿಸಿದಾಗ ಅರ್ಕಾವತ್ತು, ಒತ್ತಕ್ಷರಗಳು ಸ್ಥಾನಪಲ್ಲಟವಾಗುವುದು ಸಾಮಾನ್ಯ. ಮುದ್ರಣಾಲಯಕ್ಕೆ ಫಾಂಟ್ ಅಡಕಗೊಳಿಸಿದ ಪಿಡಿಎಫ್ ಕೊಡಿ, ಮೊದಲ ಪ್ರತಿಯನ್ನು ಕಾಗದದ ಮೇಲೆಯೇ ಓದಿ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಧಾರಾಳ ಜಾಗ ಬಿಡಿ. ‘ಚದುರುವಿಕೆ’ಯನ್ನು ‘ಪ್ರತಿಫಲನ’ ಎಂದು ಯಾರೋ ಸರಳಗೊಳಿಸಿಬಿಟ್ಟಿಲ್ಲವೇ ಎಂದು ವಿಶೇಷವಾಗಿ ನೋಡಿ. ಇಡೀ ಕಾರ್ಡಿನ ವಾದ ನಿಂತಿರುವುದು ಆ ಎರಡರ ವ್ಯತ್ಯಾಸದ ಮೇಲೆ.

ಕಾರ್ಡಿಗೆ ಲ್ಯಾಮಿನೇಷನ್ ಬೇಕಿದ್ದರೆ ಕಿಂಡಿ ಕತ್ತರಿಸುವ ಮೊದಲೇ ಆಗಬೇಕು. ಹಾಳೆ ಜೋಡಿಸಿದ ಮೇಲೆ ಲ್ಯಾಮಿನೇಟ್ ಮಾಡಿದರೆ ಬಿಸಿಗೆ ಪೋಲರಾಯ್ಡ್ ಸುರುಟಿಕೊಳ್ಳುತ್ತದೆ, ಕಿಂಡಿಯ ಮೇಲೆ ಉಳಿಯುವ ಪ್ಲಾಸ್ಟಿಕ್ ಪೊರೆ ಧ್ರುವೀಕರಣವನ್ನೂ ಕೆಡಿಸುತ್ತದೆ. ಹೊಳಪಿಲ್ಲದ ಮ್ಯಾಟ್ ಲ್ಯಾಮಿನೇಷನ್ ಆರಿಸಿದರೆ ಕೋಡ್ ಓದುವಾಗ ಬೆಳಕು ಮಿನುಗುವುದಿಲ್ಲ.

ಎರಡು ಎಚ್ಚರಿಕೆಗಳನ್ನು ಮುಂಬದಿಯಲ್ಲೇ, ಕಿಂಡಿಯ ಕೆಳಗೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಬೇಕು: ‘ಇದರ ಮೂಲಕ ಸೂರ್ಯನನ್ನು ಎಂದೂ ನೋಡಬೇಡಿ’ ಮತ್ತು ‘ಕಿಂಡಿಯಲ್ಲಿ ನೋಡುತ್ತ ನಡೆಯಬೇಡಿ’. ಹಾಳೆ ಕಪ್ಪಾಗಿ ಕಾಣುವುದರಿಂದ ಅದು ಗ್ರಹಣದ ಕನ್ನಡಕದಂತೆ ರಕ್ಷಣೆ ಕೊಡುತ್ತದೆ ಎಂದು ಮಕ್ಕಳು ತಿಳಿಯುವ ಸಾಧ್ಯತೆ ತುಂಬ ಇದೆ. ಕೊಡುವುದಿಲ್ಲ, ಕಣ್ಣಿಗೆ ಶಾಶ್ವತ ಹಾನಿಯಾಗಬಹುದು.

## ಹಂತ 9: ಜೋಡಣೆ

1. ಹಾಳೆಯ 40 ಮಿಲಿಮೀಟರ್ ಚೌಕವನ್ನು ರಕ್ಷಣಾ ಪೊರೆಯ ಸಮೇತ ಕತ್ತರಿಸಿ. ಬಾಣದ ಗುರುತಿಲ್ಲದ ಬದಿಯ ಪೊರೆಯನ್ನು ಮಾತ್ರ ಸುಲಿಯಿರಿ.

2. ಚಕ್ರದ ರಂಧ್ರದ ಅಂಚಿಗೆ ಟೇಪ್ ಹಚ್ಚಿ, ಸುಲಿದ ಮುಖ ಟೇಪಿಗೆ ತಾಗುವಂತೆ ಚೌಕವನ್ನು ಕೂರಿಸಿ. ಬಾಣ ಎರಡು ಕೆಂಪು ಚುಕ್ಕೆಗಳನ್ನು ಸೇರಿಸುವ ರೇಖೆಗೆ ಸಮಾಂತರವಾಗಿರಲಿ. ಹೀಗೆ ಮಾಡಿದರೆ ಕೆಂಪು ಚುಕ್ಕೆ ನೆತ್ತಿಗೆ ಬಂದಾಗ ಹೊಳಪು ಅಡಗುತ್ತದೆ, ಕಾಲು ಸುತ್ತು ತಿರುಗಿಸಿದಾಗ ಮರಳಿ ಬರುತ್ತದೆ.

3. ಎರಡು ನಡುಪದರಗಳನ್ನು ಹಿಂಬದಿಯ ಒಳಮುಖಕ್ಕೆ ಅಂಟಿಸಿ, ಚಕ್ರವನ್ನು ಅವುಗಳ ವೃತ್ತಾಕಾರದ ಬಿಡುವಿನೊಳಗೆ ಇಡಿ.

4. ಅಂಟಿಸದೆಯೇ ಮುಂಬದಿಯನ್ನು ಮುಚ್ಚಿ ಚಕ್ರ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಮಾತ್ರ ಉಳಿದ ಪೊರೆಯನ್ನು ಸುಲಿದು, ಬಟ್ಟೆಯಿಂದ ಒರೆಸಿ, ಮುಚ್ಚಿ ಅಂಟಿಸಿ. ಟೇಪ್ ಬಿಡುವಿನ ಒಳಕ್ಕೆ ಒಂದಿಷ್ಟೂ ಚಾಚಿರಬಾರದು.

ಪೊರೆ ಸುಲಿಯುವುದನ್ನು ಕೊನೆಗೆ ಇಟ್ಟಿರುವುದಕ್ಕೆ ಕಾರಣ ಬೆರಳಚ್ಚು ಮತ್ತು ಗೀರು. ಒಮ್ಮೆ ಅಂಟಿಸಿದ ಮೇಲೆ ಒಳಗನ್ನು ಸ್ವಚ್ಛ ಮಾಡಲು ದಾರಿಯಿಲ್ಲ.

## ಹಂತ 10: ಮಾರಾಟದ ಕಟ್ಟೆಯ ಮೇಲೆ ತೋರಿಸಿ

ಕೆರೆಯಿಲ್ಲದ ಮ್ಯೂಸಿಯಂನಲ್ಲಿ ಕಪ್ಪು ಪ್ಲಾಸ್ಟಿಕ್ ತಟ್ಟೆಯೊಂದರಲ್ಲಿ ಎರಡು ಬೆರಳು ನೀರು ಹಾಕಿ, ತಳದಲ್ಲಿ ಒಂದೆರಡು ನಾಣ್ಯ ಇಡಿ. ಕಿಟಕಿಯ ಬೆಳಕು ಎದುರಿನಿಂದ ನೀರಿಗೆ ಬಿದ್ದು ನೋಡುವವರ ಕಣ್ಣಿಗೆ ಮಿನುಗಬೇಕು. ಬರಿಗಣ್ಣಿಗೆ ನಾಣ್ಯ ಕಾಣುವುದಿಲ್ಲ. ಚಕ್ರ ತಿರುಗಿಸಿದಾಗ ಮೂಡಿಬರುತ್ತದೆ. ತಟ್ಟೆಯನ್ನು ಎತ್ತರದ ಮೇಜಿನ ಮೇಲಿಟ್ಟರೆ ಕೋನ ತಪ್ಪುತ್ತದೆ. ನೀರಿಗಿಂತ ಕಣ್ಣು 60 ಸೆಂಟಿಮೀಟರ್ ಮೇಲಿದ್ದರೆ ತಟ್ಟೆ 80 ಸೆಂಟಿಮೀಟರ್ ಮುಂದಿರಬೇಕು. ಅಲ್ಲಿ ನೆಲದ ಮೇಲೆ ಹೆಜ್ಜೆ ಗುರುತು ಅಂಟಿಸಿಬಿಟ್ಟರೆ ಪ್ರತಿ ಸಲ ವಿವರಿಸುವುದು ತಪ್ಪುತ್ತದೆ.

ನೀರು ಸಿಗದವರಿಗೆ ಆಕಾಶವೂ ಆದೀತು. ಬೆಳಗಿನ ಅಥವಾ ಸಂಜೆಯ ತಿಳಿ ಆಕಾಶದಲ್ಲಿ ಸೂರ್ಯನಿಂದ 90 ಡಿಗ್ರಿ ದೂರದ ಭಾಗವನ್ನು, ಎಂದರೆ ಹೆಚ್ಚುಕಡಿಮೆ ನೆತ್ತಿಯ ಮೇಲಿನ ನೀಲಿಯನ್ನು ನೋಡುತ್ತ ಚಕ್ರ ತಿರುಗಿಸಿದರೆ ನೀಲಿ ಗಾಢವಾಗುತ್ತ, ತಿಳಿಯಾಗುತ್ತ ಹೋಗುತ್ತದೆ. ಮೋಡ ಮುಸುಕಿದ ದಿನ ಆಕಾಶದ ಪ್ರಯೋಗ ನಡೆಯುವುದಿಲ್ಲ; ನೀರಿನ ಪ್ರಯೋಗ ನಡೆಯುತ್ತದೆ.

## ಕೆಟ್ಟಿರುವುದನ್ನು ತೋರಿಸುವ ಚಿಹ್ನೆಗಳು

ಚಕ್ರ ಎಷ್ಟು ತಿರುಗಿಸಿದರೂ ಹೊಳಪು ಒಂದೇ ರೀತಿ ಇದ್ದರೆ ಕೋನ ತಪ್ಪಾಗಿದೆ, ಇಲ್ಲವೇ ವೃತ್ತೀಯ ಹಾಳೆಯ ಮುಖ ತಿರುವುಮುರುವಾಗಿದೆ. ಮೊದಲು ಕೋನವನ್ನೇ ಸರಿಪಡಿಸಿ ನೋಡಿ. ನೋಡುವವರು ಪೋಲರಾಯ್ಡ್ ತಂಪು ಕನ್ನಡಕ ಹಾಕಿಕೊಂಡಿದ್ದರೆ ಅವರಿಗೆ ಚಕ್ರದ ಒಂದು ಸ್ಥಾನದಲ್ಲಿ ಎಲ್ಲವೂ ಕಪ್ಪಾಗಿ ಕಾಣುತ್ತದೆ, ತೆಗೆಯಲು ಹೇಳಬೇಕು. ಕಿಂಡಿಯಲ್ಲಿ ಬಣ್ಣದ ಪಟ್ಟೆ ಕಂಡರೆ ಪೊರೆ ಒಳಗೇ ಉಳಿದಿದೆ. ಕೆಂಪು ಚುಕ್ಕೆ ನೆತ್ತಿಯಲ್ಲಿದ್ದಾಗ ಹೊಳಪು ಹೆಚ್ಚಾದರೆ ಚೌಕವನ್ನು ಕಾಲು ಸುತ್ತು ತಪ್ಪಾಗಿ ಅಂಟಿಸಲಾಗಿದೆ. ಅಂಥ ಕಾರ್ಡನ್ನು ಬಿಚ್ಚಬೇಕಾಗಿಲ್ಲ, ಚುಕ್ಕೆಯನ್ನು ಮುಚ್ಚಿ ಅದಕ್ಕೆ ಲಂಬವಾದ ಜಾಗದಲ್ಲಿ ಹೊಸದಾಗಿ ಇಟ್ಟರೆ ಸಾಕು.

ಹಾಳೆಯ ಅಂಚಿನಿಂದ ಒಳಕ್ಕೆ ಬಣ್ಣ ಮಾಸುತ್ತ ಬಂದರೆ ತೇವ ತಗುಲಿದೆ. ಅಯೋಡಿನ್ ಬಳಸಿ ತಯಾರಿಸಿದ ಹಾಳೆಗೆ ತೇವವೂ ಬಿಸಿಯೂ ಆಗುವುದಿಲ್ಲ. ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲದ ದಾಸ್ತಾನನ್ನು ಸಿಲಿಕಾ ಜೆಲ್ ಪೊಟ್ಟಣದೊಡನೆ ಮುಚ್ಚಿದ ಡಬ್ಬದಲ್ಲಿಡಿ, ಬಿಸಿಲು ಬೀಳುವ ಗಾಜಿನ ಪೆಟ್ಟಿಗೆಯಲ್ಲಿ ಪ್ರದರ್ಶನಕ್ಕೆ ಇಡಬೇಡಿ.

## ಬೇರೆ ವಿಜ್ಞಾನಿಗಳಿಗೆ ಅಳವಡಿಸುವಾಗ

ಹಂತಗಳ ಕ್ರಮ ಬದಲಾಗದು: ಕ್ರಿಯೆ, ಪರೀಕ್ಷೆ, ಮಾದರಿ, ಆಮೇಲೆ ಮಾತು. ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿ 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿ ಮೊದಲು ಅಳವಡಿಸಿದ, ಮುಂದೆ ಕನ್ನಂಬಾಡಿಯಲ್ಲೂ ಬಳಕೆಯಾದ ಸ್ವಯಂಚಾಲಿತ ತೂಬುಗಳು ಇದಕ್ಕೆ ಚೆನ್ನಾಗಿ ಒದಗುತ್ತವೆ. ನೀರು ಒಂದು ಮಟ್ಟ ಮುಟ್ಟಿದಾಗ ತಾನಾಗಿ ತೆರೆದು, ಇಳಿದಾಗ ಮುಚ್ಚುವ ಪುಟ್ಟ ಬಾಗಿಲನ್ನು ಲೋಟದೊಳಗೆ ಮಾಡಿ ತೋರಿಸುವುದು ಕಾರ್ಡಿಗಿಂತ ಕಷ್ಟದ ಕೆಲಸ, ಆದರೆ ಆಗುವ ಕೆಲಸ. ಅಲ್ಲಿಯೂ ತೂಬು ತಾನಾಗಿ ತೆರೆದುಕೊಳ್ಳುವ ತನಕ ನಿರೂಪಣೆಗೆ ಕೈ ಹಾಕಬೇಡಿ.

ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನಕ್ಕೆ ರಾಮನ್ ಕಾರ್ಡು ಸಿದ್ಧವಾಗಬೇಕೆನ್ನುವವರು ಹಾಳೆಯನ್ನು ಡಿಸೆಂಬರಿನಲ್ಲೇ ತರಿಸಿ 3 ಮತ್ತು 4ನೆಯ ಹಂತಗಳನ್ನು ಜನವರಿಯ ಮೊದಲ ವಾರದೊಳಗೆ ಮುಗಿಸುವುದು ಒಳ್ಳೆಯದು. ಮಾರಾಟ ಶುರುವಾದ ಮೇಲೆ ತಿಂಗಳಿಗೊಮ್ಮೆ ದಾಸ್ತಾನಿನಿಂದ ಒಂದು ಕಾರ್ಡನ್ನು ತೆಗೆದು ಕೋಡನ್ನೂ ಚಕ್ರವನ್ನೂ ಪರೀಕ್ಷಿಸಿ, ದಿನಾಂಕವನ್ನು ನೋಂದಣಿ ಪುಸ್ತಕದಲ್ಲಿ ಬರೆದಿಡಿ.